ತಳದ ಕಾಳು

ಬೀದರಿನಲ್ಲಿ ಕುಡಿತ ಬಿಡಿಸಲು ಕಿವಿಗೆ ಸೂಜಿ ಚುಚ್ಚಿ ನೋಡುವ ಅಧ್ಯಯನವೊಂದರಲ್ಲಿ ಪಟ್ಟಿ ಬರೆಯುವ ಕೆಲಸ ನನ್ನದು. ಆರು ವಾರದ ಮೇಲೆ ತಿರುಗಿ ಬಂದವರೆಲ್ಲ "ಬಿಟ್ಟೀನ್ರಿ" ಅಂದರು. ನಾನು ಹಿಗ್ಗಿದೆ, ಅಧ್ಯಯನ ನಡೆಸುತ್ತಿದ್ದ ಡಾಕ್ಟರಮ್ಮ ಹಿಗ್ಗಲಿಲ್ಲ.

"ಬರಲಾರದವರನ್ನ ಹುಡುಕಿ ಕೇಳ್ರಿ. ಅವರನ್ನ ಬಿಟ್ಟು ಲೆಕ್ಕ ಬರೆದ್ರ ಅದು ಸುಳ್ಳಾಗ್ತದ" ಎಂದು ನನ್ನನ್ನು ಗಾಂಧಿ ಗಂಜ್ ಕಾಳಿನ ಪೇಟೆಗೆ ಅಟ್ಟಿದರು.

ಸೂಜಿ ಹಾಕಿಸಿಕೊಂಡು ತಿರುಗಿ ಬಾರದಿದ್ದ ಹಮಾಲ ಶರಣಪ್ಪ ಕಾಕಾ ನನ್ನನ್ನು ಕಂಡದ್ದೇ ತೊಗರಿ ಚೀಲಗಳ ಹಿಂದೆ ಅಡಗಿದರು. ನಾನೂ ಅಲ್ಲಿಗೇ ಹೋಗಿ ನಿಂತೆ.

"ಮತ್ತ ಕುಡದೀನ್ರಿ ಸರ್. ಡಾಕ್ಟರ್ ಅಕ್ಕೋರು ಅಷ್ಟು ಅಂತಃಕರಣದಿಂದ ಸೂಜಿ ಹಾಕ್ಯಾರ, ಅವರ ಕೆಲಸ ನಾ ಯಾಕ ಕೆಡಸ್ಲಿ ಅಂತ ಬರಲಿಲ್ಲ. ನನ್ನ ಹೆಸರಿಗಿ ಗೀಟು ಹೊಡೀರಿ."

ಹೇಗೆ ತಿಳಿಸಿ ಹೇಳುವುದು? ಪಕ್ಕದಲ್ಲೇ ಒಬ್ಬ ವ್ಯಾಪಾರಿ ಚೀಲದ ತಳಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು ನೋಡುತ್ತಿದ್ದ.

"ಕಾಕಾ, ಅಂವ ತಳಕ್ಕ ಯಾಕ ಚುಚ್ಚತಾನ?"

"ಮ್ಯಾಲಿನ ಕಾಳು ಯಾವಾಗ್ಲೂ ಚಂದೇ ಇರ್ತಾವಲ್ರಿ" ಎಂದರು. ಆಮೇಲೆ ಮೆಲ್ಲಗೆ, "ಅಂದ್ರ ನಾ ತಳದ ಕಾಳೇನ್ರಿ?"

ನನ್ನ ಜಾಣತನಕ್ಕೆ ನನಗೇ ನಾಚಿಕೆಯಾಯಿತು. "ಅದೂ ಅದೇ ಹೊಲದ್ದೇ ಅಲ್ಲೇನು ಕಾಕಾ?" ಎಂದಷ್ಟೇ ಹೇಳಿ ಬಂದೆ.

ಸೋಮವಾರ ಅವರೇ ಬಂದರು. ಜೊತೆಗೆ ಭಾಲ್ಕಿಯವನೊಬ್ಬ, ಔರಾದಿನವನೊಬ್ಬ; ಇಬ್ಬರೂ ನಮ್ಮ ಪಟ್ಟಿಯಿಂದ ತಪ್ಪಿಸಿಕೊಂಡಿದ್ದವರೇ.

"ಅಕ್ಕೋರ, ಇನ್ನೂ ಎರಡು ತಳದ ಕಾಳು ತಂದೀನ್ರಿ" ಎಂದರು ಹೆಮ್ಮೆಯಿಂದ.

ಮೂವರ ಹೆಸರಿನ ಮುಂದೂ 'ಬಿಟ್ಟಿಲ್ಲ' ಎಂದು ಬರೆದೆ; ನಮ್ಮ ಸೂಜಿಯ ಕೀರ್ತಿ ಅವತ್ತು ಸ್ವಲ್ಪ ಇಳಿಯಿತು. ಡಾಕ್ಟರಮ್ಮ ಮಾತ್ರ ಮೂವರಿಗೂ ಚಹಾ ತರಿಸಿದರು. ಕುಡಿತ ಬಿಟ್ಟೆವೆಂದು ಬಂದವರಿಗೆ ಒಂದು ದಿನವೂ ತರಿಸಿರಲಿಲ್ಲ.