ದೇವಯ್ಯನವರು ಮೊದಲ ಸಾಲು ಬರೆಸುವ ಬಗೆ

ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಕೂತು ಬಂದವನು ನಾನು. ಜನರ ಅರ್ಜಿಗಳನ್ನು ಓದೀ ಓದೀ ನನ್ನ ಕನ್ನಡಕದ ನಂಬರು ನಾಲ್ಕು ಸಲ ಬದಲಾಗಿದೆ. ಪತ್ರ ಬರೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಕೊಬ್ಬು ನಿವೃತ್ತಿಯಾಗಿ ತಿರುಮಕೂಡಲಿನಲ್ಲಿ ಮನೆ ಮಾಡಿದ ಮೇಲೂ ಇಳಿದಿರಲಿಲ್ಲ. ಅದನ್ನು ಇಳಿಸಿದವರು ನಂಜನಗೂಡಿನ ದೇವಯ್ಯನವರು.

ಅಲ್ಲಿ ರಘು ಎಂಬುವನ ಜೆರಾಕ್ಸ್ ಅಂಗಡಿಯ ಬಾಗಿಲ ಪಕ್ಕದಲ್ಲಿ ಅವರದೊಂದು ಮರದ ಮೇಜು. ಭಾನುವಾರ ಬುದ್ಧವಿಹಾರಕ್ಕೆ ಹೋಗುವುದರಿಂದ ಅಂದು ಮೇಜು ಖಾಲಿ, ಮಿಕ್ಕ ದಿನ ಅರ್ಜಿ, ಪತ್ರ ಬರೆಸಲು ಬರುವ ಜನವೋ ಜನ. ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, ಅಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಲೋಡಿಂಗ್ ಕೆಲಸಕ್ಕೆ ಸೇರಿದವರು. ಸರಕು ಕಳಿಸುವ ವಿಭಾಗದ ಗುಮಾಸ್ತರಾಗಿ ನಿವೃತ್ತರಾದರು. ಬರೆಯುವುದನ್ನು ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದಕ್ಕೆ ನಕ್ಕುಬಿಟ್ಟರು.

"ಲಾರಿ ಡ್ರೈವರು ಎಂಜಿನ್ ಆಫ್ ಮಾಡ್ದೆ ಚೀಟಿಗೆ ಕೈ ಚಾಚ್ತಾನೆ ಸಾ. ಅವನಿಗೆ ಕತೆ ಬರ್ಕೊಟ್ರೆ ಓದ್ತಾನಾ? ಯಾವ ಊರು, ಯಾವ ಗೇಟು, ಯಾವಾಗ ಇಳಿಸ್ಬೇಕು, ಅದು ಮೊದ್ಲು. ಮಿಕ್ಕಿದ್ದೆಲ್ಲ ಅದರ ಕೆಳಗೆ."

ಯಾರೇ ಬರಲಿ, ದೇವಯ್ಯನವರು ಪೆನ್ನು ಮುಟ್ಟುವ ಮೊದಲು ಕೇಳುವುದು ಒಂದೇ ಮಾತು. ನಿನ್ನ ಬಸ್ಸು ಹೊರಟಿದೆ, ಆಫೀಸರು ಕೆಳಗೆ ನಿಂತಿದ್ದಾರೆ, ಕಿಟಕಿಯಿಂದ ಏನೆಂದು ಕೂಗುತ್ತೀಯ? ಆ ಕೂಗೇ ಪತ್ರದ ಮೊದಲ ಸಾಲು. ಆಮೇಲೆ ಕಾರಣ, ಆಮೇಲೆ ಮುಂದೇನು ಎಂಬುದು. ಒಂದು ಪುಟ ದಾಟಿದರೆ ಅವರು ಬೇರೆ ಹಾಳೆ ಕೊಡುವುದಿಲ್ಲ.

ನನ್ನ ಅವರ ಪರಿಚಯ ಆದದ್ದು ಹೋದ ವರ್ಷ, ಮಹದೇವಮ್ಮನ ದೆಸೆಯಿಂದ. ಸೋಮನಾಥಪುರದ ಹತ್ತಿರದ ಹಳ್ಳಿಯಲ್ಲಿ ಹನ್ನೊಂದು ಹೆಂಗಸರ ಸಂಘಕ್ಕೆ ಆಕೆ ಅಧ್ಯಕ್ಷೆ. ರಾಗಿ ಹುರಿಹಿಟ್ಟು ಮಾಡಿ, ಪೊಟ್ಟಣ ಕಟ್ಟಿ, ನಂಜನಗೂಡಿನ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಕೊಡುತ್ತಿದ್ದರು. ಪ್ರತಿ ಲೋಡಿನಲ್ಲೂ ಒಂದು ಪೊಟ್ಟಣದ ಸೀಲು ಬಿಚ್ಚಿ ಮತ್ತೆ ದಾರದಲ್ಲಿ ಹೊಲಿದಿದೆ, ತೂಕವೂ ಕಡಿಮೆ ಎಂದು ಅಲ್ಲಿಂದ ನೋಟಿಸು ಬಂತು. ಎರಡು ದಿನದಲ್ಲಿ ಉತ್ತರ ಕೊಡದಿದ್ದರೆ ಸರಬರಾಜು ಬಂದ್.

ಮಾಡಿದ್ದು ಮುದ್ದಮ್ಮ, ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು. ಏನೇ ಮಾಡಲಿ ಮೊದಲ ಹಿಡಿ ಮನೆದೇವರಿಗೆ ಮೀಸಲು ತೆಗೆಯದೆ ಆಕೆಗೆ ಸಮಾಧಾನವಿಲ್ಲ. ಅದೂ ಕೆಲಸ ಪೂರ್ತಿ ಮುಗಿದ ಮೇಲೆಯೇ ತೆಗೆಯಬೇಕು. ಅರೆಬರೆ ಆದದ್ದು ದೇವರಿಗೆ ಸಲ್ಲದು. ಹಾಗಾಗಿ ಸೀಲಾದ ಪೊಟ್ಟಣವನ್ನೇ ಬಿಚ್ಚಿ, ಒಂದು ಹಿಡಿ ತೆಗೆದು, ಅಚ್ಚುಕಟ್ಟಾಗಿ ಹೊಲಿದು ಇಡುತ್ತಿದ್ದಳು.

ಉತ್ತರ ಬರೆದುಕೊಡಲು ಮಹದೇವಮ್ಮ ನನ್ನ ಹತ್ತಿರ ಬಂದಳು. ನಾಲ್ಕು ಹಾಳೆ ಬರೆದೆ. ಸಂಘ ಹುಟ್ಟಿದ ಬಗೆ, ಸಿಕ್ಕ ಬಹುಮಾನ, ಹುರಿಹಿಟ್ಟಿನ ಗುಣ, ಕಾರ್ಖಾನೆಯ ಔದಾರ್ಯ, ಒಂದನ್ನೂ ಬಿಡಲಿಲ್ಲ. ನಾಲ್ಕನೇ ಹಾಳೆಯ ಕೊನೆಗೆ, ಸದರಿ ಕೃತ್ಯ ಎಸಗಿದ ಸದಸ್ಯೆಯನ್ನು ಸಂಘದಿಂದ ಕೈಬಿಡಲಾಗಿದೆ ಎಂದು ಸೇರಿಸಿದೆ. "ಬೇರೆ ದಾರಿ ಇಲ್ಲ ಸಾ, ಬರೀರಿ. ಮುದ್ದವ್ವನಿಗೆ ಆಮೇಲೆ ಏಳ್ತೀನಿ" ಅಂದಿದ್ದಳು ಮಹದೇವಮ್ಮ. ಸಹಿ ಹಾಕಿಸಲು ಹಳ್ಳಿಗೆ ಹೋದಾಗ ಎರಡು ಹಾಳೆ ಗಟ್ಟಿಯಾಗಿ ಓದಿದೆ. "ಚೆನ್ನಾಗದೆ" ಎಂದು ಎಲ್ಲರೂ ತಲೆಯಾಡಿಸಿದರು. ಅಲ್ಲಿಗೆ ನಿಲ್ಲಿಸಿಬಿಟ್ಟೆ. ಮುದ್ದಮ್ಮ ನಾಲ್ಕನೇ ಹಾಳೆಯ ಬುಡದಲ್ಲಿ ಸೊಟ್ಟ ಅಕ್ಷರದಲ್ಲಿ ಸಹಿ ಹಾಕುವುದನ್ನು ನೋಡುತ್ತಾ ಸುಮ್ಮನೆ ಕೂತಿದ್ದೆ. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಮಹದೇವಮ್ಮ, ಮುದ್ದಮ್ಮ, ನಾನು ನಂಜನಗೂಡಿಗೆ ಹೋದೆವು. ಮ್ಯಾನೇಜರ ಹತ್ತಿರ ತಾನೇ ತಪ್ಪೊಪ್ಪಿಕೊಳ್ಳುತ್ತೇನೆಂದು ಮುದ್ದಮ್ಮ ಹಟ ಹಿಡಿದು ಜೊತೆಗೆ ಬಂದಿದ್ದಳು. ಪತ್ರದ ನಕಲು ತೆಗೆಸಲು ರಘುವಿನ ಅಂಗಡಿಗೆ ಹೊಕ್ಕರೆ, ದೇವಯ್ಯನವರು ಹಾಳೆಗಳ ದಪ್ಪ ನೋಡಿ, "ಓದ್ಬೋದಾ ಸಾ?" ಅಂದರು. ಹೊಗಳುತ್ತಾರೆಂದುಕೊಂಡು ಕೊಟ್ಟೆ. ಕೊನೆಯವರೆಗೂ ಓದಿದರು. ನನ್ನನ್ನು ಬಿಟ್ಟು ಮಹದೇವಮ್ಮನ ಕಡೆ ತಿರುಗಿದರು.

"ಬಸ್ಸು ಒಂಟದೆ ಅಂತ ತಿಳ್ಕಳವ್ವ. ಮ್ಯಾನೇಜರು ಕೆಳಗವ್ರೆ. ಕಿಟ್ಕೀಲಿ ಏನಂತ ಕೂಗ್ತೀಯೆ?"

"ನಮ್ ಸಂಘ ಸುರು ಆಗಿದ್ದು..."

"ಬಸ್ಸು ಓಯ್ತು."

"ತಪ್ಪಾಗದೆ ಸಾ, ದೇವ್ರ ಮೀಸಲು..."

"ಓಯ್ತು ಕಣವ್ವ, ಆಸ್ಪತ್ರೆ ದಾಟ್ತು. ನಿಂಗೆ ಏನ್ ಬೇಕು ಅದ್ನ ಏಳು."

ಪಕ್ಕದಲ್ಲಿ ಮುದ್ದಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದಳು. ಅವಳನ್ನು ನೋಡಿದ ಮಹದೇವಮ್ಮನ ಕಣ್ಣು ತುಂಬಿಕೊಂಡಿತು.

"ಬಿಚ್ಚಿದ್ದು ನಾವೇ ಸಾ, ಇನ್ಮೇಲೆ ಬಿಚ್ಚಕಿಲ್ಲ! ಕೆಲ್ಸ ಕಿತ್ಕಬೇಡಿ, ಮುದ್ದವ್ವನ್ನೂ ಬಿಡು ಅನ್ಬೇಡಿ!" ಅಂಗಡಿಗೆಲ್ಲ ಕೇಳುವಂತೆ ಕೂಗಿಯೇಬಿಟ್ಟಳು.

"ನನ್ನ ಬಿಡದಾ? ಯಾರು ಬಿಟ್ಟೋರು?" ಅಂದಳು ಮುದ್ದಮ್ಮ. ದೇವಯ್ಯನವರು ನನ್ನ ಹಾಳೆಗಳನ್ನು ಮಡಚಿ ನನ್ನ ಕೈಗೇ ಕೊಟ್ಟರು.

ಅವರು ಬರೆದದ್ದು ಅರ್ಧ ಪುಟ. ಸೀಲು ಬಿಚ್ಚಿದ್ದು ನಾವೇ, ಇನ್ನು ಬಿಚ್ಚುವುದಿಲ್ಲ, ಸರಬರಾಜು ಮುಂದುವರಿಸಿ ಎಂದು ಕೇಳುತ್ತೇವೆ. ಮುದ್ದಮ್ಮ ಸಂಘದಲ್ಲೇ ಇರುತ್ತಾರೆ. ಮೀಸಲು ಏಕೆ ತೆಗೆದದ್ದು ಎಂದು ಮೂರು ಸಾಲು. ಇನ್ನು ಮುಂದೆ ಒಂದು ಪೊಟ್ಟಣವನ್ನು ದೇವರಿಗೆಂದೇ ಬೇರೆ ಕಟ್ಟಿ ಸಂಘದಲ್ಲೇ ಇಟ್ಟುಕೊಳ್ಳುತ್ತೇವೆ, ಯಾವಾಗ ಬೇಕಾದರೂ ಬಂದು ನೋಡಿ. ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಇಂಥ ಪತ್ರ ನನ್ನ ಮೇಜಿಗೆ ಹತ್ತು ಬಂದಿದ್ದರೆ ಹೆಚ್ಚು. ಸಹಿಗೆ ಮೊದಲು ಅದನ್ನು ಪೂರ್ತಿ ಓದಿ ಹೇಳಿದರು, ಮುದ್ದಮ್ಮನಿಗೆ ಎರಡು ಸಲ.

ಕ್ಯಾಂಟೀನಿನ ಮ್ಯಾನೇಜರು ಅರ್ಪಿತ ಎಂಬ ಹುಡುಗಿ. ಬಾಗಿಲಲ್ಲಿ ನಿಂತೇ ಓದಿದಳು. "ಮುದ್ದಮ್ಮ ಯಾರು?" ಅಂದಳು. ಮುದ್ದಮ್ಮ ಕೈ ಮುಗಿದಳು. "ಸೋಮವಾರ ಲೋಡ್ ಕಳಿಸಿ. ಒಂದು ತಿಂಗಳು ನೋಡ್ತೀವಿ. ಪೊಟ್ಟಣ ಎಣಿಸಿ ಕೊಡೋಕೆ ಇವರೇ ಬರಲಿ."

ವಾಪಸು ಬರುವ ಬಸ್ಸಿನಲ್ಲಿ ಮುದ್ದಮ್ಮ ನನ್ನ ಪಕ್ಕದ ಸೀಟಿಗೆ ಬಂದು ಕೂತಳು.

"ನೀವ್ ಬರ್ದಿದ್ದೂ ಚೆಂದಾಗೇ ಇತ್ತು ಕಣಿ ಸಾ," ಅಂದಳು. "ನಾನ್ ಸೈನ್ ಆಕಿದ್ ಆಳೇನೇ ನೀವು ಓದ್ನಿಲ್ಲ."

ಮಹದೇವಮ್ಮ ಹೇಳಿದ್ದು, ಎಲ್ಲರೂ ತಲೆಯಾಡಿಸಿದ್ದು, ಹೊತ್ತಾಗಿದ್ದು, ಹೇಳಲು ಕಾರಣಗಳು ಬೇಕಾದಷ್ಟಿದ್ದವು.

"ತಪ್ಪಾಯ್ತು ಮುದ್ದಮ್ಮ," ಅಂದೆ. ಮುಂದಕ್ಕೆ ಏನೂ ಸೇರಿಸಲಿಲ್ಲ.