ಗೋಲುಕಂಬದ ಬುಡದಲ್ಲಿ ನಿಂತವನು

ಅಭಿಮಾನಿ ಎಂದ ಮೇಲೆ ಕಿರುಚಬೇಕು. ಗಂಟಲು ಹರಿದುಕೊಳ್ಳಬೇಕು, ಎದುರಾಳಿಯ ವಂಶವನ್ನೆಲ್ಲ ಜಾಲಾಡಬೇಕು, ಗೆದ್ದರೆ ಗುರುತಿಲ್ಲದವನನ್ನೂ ತಬ್ಬಿಕೊಳ್ಳಬೇಕು. ಕೆನಡಾದ ವಿಟ್ಬಿಯ ಚಂದ್ರಮೋಹನ ಸುವರ್ಣನಿಗೆ ಈ ಯಾವ ಭಾಗ್ಯವೂ ಇರಲಿಲ್ಲ. ಲೆನ್ ಬ್ರಾಡಿಗನ್ ಎಂಬ ಆಟಗಾರನನ್ನು ಅವನಷ್ಟು ಪ್ರೀತಿಸಿದವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಏಳು ವರ್ಷ ಅವನು ಲೆನ್ನನ ಆಟ ನೋಡಿದ್ದು ಬಿಳಿ ಕೋಟು ತೊಟ್ಟು, ಗೋಲುಕಂಬದ ಬುಡದಲ್ಲಿ ನಿಂತು, ಬಾಯಿ ಮುಚ್ಚಿಕೊಂಡು. ಬಾಯಿ ಮುಚ್ಚಿಕೊಳ್ಳುವುದು ಅವನಿಗೆ ಅಭ್ಯಾಸವಾಗಿಹೋಯಿತು. ಕೇಡು ಬಂದದ್ದು ಆ ಅಭ್ಯಾಸದಿಂದಲೇ.

ಚಂದ್ರಮೋಹನ ಮಲ್ಪೆ ಕಡೆಯವನು. ಹರೆಯದಲ್ಲಿ ಸರಕಿನ ಹಡಗೊಂದರಲ್ಲಿ ಅಡುಗೆಗೆ ಸೇರಿದ್ದ. ಎಂಬತ್ತರ ದಶಕದ ಶುರುವಿನಲ್ಲಿ ಆ ಹಡಗು ಎಂಜಿನ್ ಕೆಟ್ಟು ಮೆಲ್ಬರ್ನ್ ಬಂದರಿನಲ್ಲಿ ಒಂದು ಚಳಿಗಾಲವಿಡೀ ಬಿದ್ದುಕೊಂಡಿತು. ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ. ಬಂದರಿನ ಕೂಲಿಯೊಬ್ಬ ಕನಿಕರಪಟ್ಟು ಒಂದು ಶನಿವಾರ ಅವನನ್ನು ಫುಟ್‌ಬಾಲ್ ನೋಡಲು ಕರೆದುಕೊಂಡು ಹೋದ. ಅದು ನಮ್ಮ ಕಾಲ್ಚೆಂಡಲ್ಲ, ಆಸ್ಟ್ರೇಲಿಯಾದವರದೇ ಒಂದು ಆಟ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟು ಬಯಲು, ಎರಡೂ ತುದಿಗಳಲ್ಲಿ ಬಲೆಯಿಲ್ಲದ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದು ದಾಟಿಸಿದರೆ ಗೋಲು. ಚೆಂಡು ಹಿಡಿಯಲು ಒಬ್ಬನ ಹೆಗಲ ಮೇಲೆ ಮಂಡಿಯೂರಿ ಇನ್ನೊಬ್ಬ ಹಾರಬಹುದು. ಆ ಶನಿವಾರ ಕೆಂಚುಕೂದಲಿನ ಹುಡುಗನೊಬ್ಬ ಹಾಗೆ ಹಾರಿ ಆಕಾಶದಲ್ಲೇ ಕೂತುಬಿಟ್ಟ. ಚಂದ್ರಮೋಹನ ಅದನ್ನು ಜೀವಮಾನವಿಡೀ ಹೇಳಿದ್ದು ಹಾಗೆಯೇ: "ಕೂತುಬಿಟ್ಟ ಮಾರಾಯ್ರೆ, ಸತ್ಯ!" ರಾತ್ರಿಯೆಲ್ಲ ಊರು ನೆನೆದು ಕಣ್ಣೀರಿಡುತ್ತಿದ್ದ ಅಡುಗೆಯವನು ಅಂದು ಮೊದಲ ಸಲ ಬಾಯಿ ತುಂಬ ನಕ್ಕ. ಆ ಹುಡುಗನೇ ಲೆನ್ ಬ್ರಾಡಿಗನ್. ಹಡಗು ರಿಪೇರಿಯಾಗಿ ಹೊರಡುವವರೆಗೆ ಚಂದ್ರಮೋಹನ ಅವನ ಒಂದು ಆಟವನ್ನೂ ತಪ್ಪಿಸಲಿಲ್ಲ.

ಆಮೇಲೆ ಹಡಗು ಬಿಟ್ಟ, ಮದುವೆಯಾದ, ಹೆಂಡತಿಯ ಅಣ್ಣ ಸ್ಪಾನ್ಸರ್ ಮಾಡಿದ್ದರಿಂದ ಕೆನಡಾಕ್ಕೆ ಬಂದ. ವಿಟ್ಬಿಯ ಬ್ರೆಡ್ ಫ್ಯಾಕ್ಟರಿಯೊಂದರಲ್ಲಿ ಓವನ್ನಿನ ಮುಂದೆ ನಿಂತ. ಹೆಂಡತಿ ನಳಿನಾಕ್ಷಿ ಅಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ಮುದುಕರನ್ನು ಮೀಯಿಸುವ, ಉಣಿಸುವ ಕೆಲಸ ಹಿಡಿದಳು. ತೊಂಬತ್ತೈದರಲ್ಲಿ ಒಂದು ದಿನ ಬಾಗಿಲಿಗೆ ಬಂದು ಬೀಳುವ ಬಿಟ್ಟಿ ಪೇಪರಿನಲ್ಲಿ ಸಣ್ಣ ಸುದ್ದಿಯಿತ್ತು. ಮೆಲ್ಬರ್ನಿನ ಕ್ಲಬ್ಬಿನಿಂದ ನಿವೃತ್ತನಾದ ಲೆನ್ ಬ್ರಾಡಿಗನ್ ಹೆಂಡತಿಯ ತವರಾದ ವಿಟ್ಬಿಗೆ ಬಂದು ನೆಲೆಸಿದ್ದಾನೆ. ಇಲ್ಲಿರುವ ಆಸ್ಟ್ರೇಲಿಯನ್ನರು ಕಟ್ಟಿಕೊಂಡ ವಿಟ್ಬಿ ಪೆಲಿಕನ್ಸ್ ಎಂಬ ಹವ್ಯಾಸಿ ತಂಡಕ್ಕೆ ಆಡಲಿದ್ದಾನೆ. ಚಂದ್ರಮೋಹನ ಪೇಪರು ಹಿಡಿದುಕೊಂಡೇ ಅಡುಗೆಮನೆಗೆ ಓಡಿದ.

"ನಳಿನಿ, ಲೆನ್ ಬ್ರಾಡಿಗನ್ ಬಂದಿದ್ದಾನೆ! ನಮ್ಮ ವಿಟ್ಬಿಗೆ!"

"ಯಾರದು? ನಿಮ್ಮ ಹಡಗಿನವರಾ? ಊಟಕ್ಕೆ ಬರ್ತಾರಾ ಎಂತ?"

ಕಳೆದುಹೋಗಿದ್ದ ಶನಿವಾರಗಳು ಅವನಿಗೆ ಮರಳಿ ಸಿಕ್ಕವು. ಮೆಲ್ಬರ್ನಿನಲ್ಲಿ ಲೆನ್ನನ ಹಿಂದೆ ಜನಸಾಗರವಿತ್ತು. ಇಲ್ಲಿದ್ದದ್ದು ಹತ್ತು ಹದಿನೈದು ಮಂದಿ. ಹಳೆಯ ಕ್ಲಬ್ಬಿನ ನೀಲಿ ಮಫ್ಲರ್ ಸುತ್ತಿಕೊಂಡು, ಮಡಚುವ ಕುರ್ಚಿ, ಬಿಯರಿನ ಕೂಲರ್ ಹೊತ್ತು ಅವರು ಲೆನ್ ಆಡುವಲ್ಲಿಗೆಲ್ಲ ಹೋಗುತ್ತಿದ್ದರು. ಈ ವಾರ ಥಾರ್ನ್‌ಹಿಲ್, ಮುಂದಿನ ವಾರ ಜಾರ್ಜ್‌ಟೌನ್. ಲೆನ್ ಈಗ ಹಾರುತ್ತಿರಲಿಲ್ಲ. ಮಂಡಿ ಸವೆದಿತ್ತು, ಕೆಂಚುಕೂದಲು ತೆಳ್ಳಗಾಗಿತ್ತು. ಗೋಲಿನ ಎದುರೇ ನಿಂತು, ಬಂದ ಚೆಂಡನ್ನು ಹಿಡಿದು ಒದೆಯುವುದಷ್ಟೇ ಅವನ ಕೆಲಸ. ಆದರೆ ಕೈಗೆ ಸಿಕ್ಕ ಚೆಂಡನ್ನು ಅವನು ಬಿಟ್ಟದ್ದು ಯಾರೂ ನೋಡಿರಲಿಲ್ಲ.

ಆ ಲೀಗಿನಲ್ಲಿ ಗೋಲು ಅಂಪೈರ್ ಆಗಲು ಯಾರೂ ಮುಂದೆ ಬರುತ್ತಿರಲಿಲ್ಲ. ಮಳೆಯಿರಲಿ ಬಿಸಿಲಿರಲಿ, ಬಿಳಿ ಕೋಟು ತೊಟ್ಟು ಕಂಬದ ಬುಡದಲ್ಲಿ ನಿಲ್ಲಬೇಕು. ಗೋಲಾದರೆ ಎರಡು ಬೆರಳು ತೋರಿಸಿ ಎರಡು ಬಿಳಿ ಬಾವುಟ ಬೀಸಬೇಕು. ಯಾರ ಪರವಾಗಿಯೂ ಚಕಾರವೆತ್ತಬಾರದು. ಪೆಲಿಕನ್ಸ್‌ನವರು ಕೇಳಿದಾಗ ಚಂದ್ರಮೋಹನ ಹಿಂದೆಮುಂದೆ ನೋಡದೆ ಒಪ್ಪಿಕೊಂಡ. ಉಳಿದವರೆಲ್ಲ ಹಗ್ಗದಾಚೆ, ತಾನು ಲೆನ್ನನ ಉಸಿರು ಕೇಳಿಸುವಷ್ಟು ಹತ್ತಿರ! ನಾಲ್ಕು ಕ್ವಾರ್ಟರುಗಳ ಆಟದಲ್ಲಿ ಪ್ರತಿ ಕ್ವಾರ್ಟರ್ ಮುಗಿದಾಗ ತಂಡಗಳು ತುದಿ ಬದಲಿಸುತ್ತವೆ. ಎದುರು ತಂಡದ ಅಂಪೈರನ್ನು ಒಪ್ಪಿಸಿ ಇವನೂ ಲೆನ್ ಹೋಗುವ ತುದಿಗೇ ಹೋಗುತ್ತಿದ್ದ. ಕೋಟನ್ನು ನಳಿನಾಕ್ಷಿಯೇ ಹೊಲಿದುಕೊಟ್ಟಳು. "ಯಾರಾದ್ರೂ ಕೇಳಿದ್ರೆ ಎಂತ ಹೇಳ್ಲಿ? ಡಾಕ್ಟ್ರಾ, ಐಸ್‌ಕ್ರೀಮ್ ಮಾರುವವರಾ?" ಎಂದು ಛೇಡಿಸಿದಳು. ಅವನು ಕನ್ನಡಿಯ ಮುಂದೆ ಮದುಮಗನ ಹಾಗೆ ನಿಂತಿದ್ದ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಜಾರ್ಜ್‌ಟೌನಿನಲ್ಲಿ, ಎದುರಾಳಿಯೊಬ್ಬನ ಮಂಡಿ ಲೆನ್ನನ ಕಿವಿಯ ಮೇಲೆ ಬಡಿಯಿತು. ಅದೇನು ಹೊಸದಲ್ಲ, ಅಷ್ಟು ವರ್ಷದ ಆಟದಲ್ಲಿ ಆ ತಲೆ ತಿಂದ ಪೆಟ್ಟಿಗೆ ಲೆಕ್ಕವೇ ಇರಲಿಲ್ಲ. ತಲೆಗೆ ನೀರು ಸುರಿದುಕೊಂಡು ಎದ್ದ. ಕ್ವಾರ್ಟರ್ ಮುಗಿದು ಚಂದ್ರಮೋಹನ ಇನ್ನೊಂದು ತುದಿಗೆ ನಡೆದಾಗ ಲೆನ್ ಅವನ ಹಿಂದೆಯೇ ಬಂದ. ಕಂಬದ ಹತ್ತಿರ ನಿಂತು, ತುಟಿ ಅಲ್ಲಾಡಿಸದೆ ಕೇಳಿದ.

"ಮೋಹನ್, ನಾವು ಯಾವ ಕಡೆ ಒದೆಯುವುದು?"

ಚಂದ್ರಮೋಹನ ತಮಾಷೆಯೆಂದು ನಕ್ಕ. ಲೆನ್ ನಗಲಿಲ್ಲ. ಅವನ ಕಣ್ಣಿನಲ್ಲಿ ಸಂತೆಯಲ್ಲಿ ಕೈತಪ್ಪಿದ ಮಗುವಿನ ಹೆದರಿಕೆಯಿತ್ತು. ಚಂದ್ರಮೋಹನ ಬಾವುಟದ ಕೋಲಿನಿಂದ ಕಂಬವನ್ನು ಎರಡು ಸಲ ಮೆಲ್ಲಗೆ ತಟ್ಟಿ, "ಇಲ್ಲಿಗೆ, ಲೆನ್. ಈ ಕಡೆ," ಎಂದ.

ಆಟ ಮುಗಿದ ಮೇಲೆ ಲೆನ್ ಅವನ ಹೆಗಲು ಹಿಡಿದು ಪಕ್ಕಕ್ಕೆ ಕರೆದ. "ಕ್ಯಾರಲ್‌ಗೆ ಹೇಳಬೇಡ ಕಣೋ. ಹೇಳಿದರೆ ನನ್ನ ಆಟ ಬಿಡಿಸುತ್ತಾಳೆ." ಕ್ಯಾರಲ್ ಅವನ ಹೆಂಡತಿ. ಚಂದ್ರಮೋಹನ ಮಾತು ಕೊಟ್ಟ.

ಅಲ್ಲಿಂದ ಅದೇ ರೂಢಿಯಾಯಿತು. ಕೆಲವು ವಾರ ಲೆನ್ ಚೆನ್ನಾಗಿಯೇ ಇರುತ್ತಿದ್ದ. ಕೆಲವು ವಾರ ಪ್ರತಿ ಕ್ವಾರ್ಟರಿಗೂ ಕೇಳುತ್ತಿದ್ದ. ಆಮೇಲಾಮೇಲೆ ಅವನು ಕೇಳುವ ಮೊದಲೇ ಚಂದ್ರಮೋಹನ ಕಂಬ ತಟ್ಟತೊಡಗಿದ. ಲೆನ್ ತಲೆಯಾಡಿಸಿ ಚೆಂಡಿನತ್ತ ತಿರುಗುತ್ತಿದ್ದ. ಹಗ್ಗದಾಚೆಯ ಮಫ್ಲರಿನವರಿಗೆ ಇದೊಂದೂ ತಿಳಿಯದು. ಲಕ್ಷಾಂತರ ಜನ ಮೆರೆಸಿದ ಮನುಷ್ಯ ಈಗ ತನ್ನೊಬ್ಬನ ಎರಡು ತಟ್ಟಿನ ಮೇಲೆ ನಿಂತಿದ್ದಾನಲ್ಲ ಎಂದು ಚಂದ್ರಮೋಹನ ಒಳಗೊಳಗೇ ಹಿಗ್ಗಿದ. ಹೌದು, ಹಿಗ್ಗಿದ. ಮರುಕಪಟ್ಟ ಎಂದು ಹೇಳಿದರೆ ಚೆನ್ನಾಗಿ ಕೇಳುತ್ತದೆ, ಆದರೆ ಅದು ಸುಳ್ಳು.

ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಒಂದು ದಿನ ಹೆಂಡತಿಯ ಹತ್ತಿರ ಅರ್ಧ ಬಾಯಿಬಿಟ್ಟ. ನಳಿನಾಕ್ಷಿ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು.

"ನಮ್ಮ ಹೋಮಲ್ಲಿ ಒಬ್ಬರಿದ್ದಾರೆ, ಮೊದ್ಲು ಬಾಕ್ಸಿಂಗ್ ಮಾಡ್ತಿದ್ದವರು. ಪ್ರಾಯ ಅರುವತ್ತೂ ಆಗ್ಲಿಲ್ಲ. ಸ್ಪೂನು ಬಾಯಿಗೆ ಇಡ್ಲಿಕ್ಕೆ ಗೊತ್ತಾಗುದಿಲ್ಲ ಅವರಿಗೆ. ನೀವು ಇವತ್ತೇ ಫೋನ್ ಮಾಡಿ ಆ ಹೆಂಗಸಿಗೆ ಹೇಳಿ."

"ಪ್ರಾಮಿಸ್ ಮಾಡಿದ್ದೇನೆ ನಾನು."

"ಎಂತ ಸಾವಿನ ಪ್ರಾಮಿಸ್! ಇನ್ನೊಂದು ಪೆಟ್ಟು ಬಿದ್ರೆ ಆ ಜನ ಮುಗೀತು. ನಾನು ದಿನಾ ನೋಡುದಿಲ್ವಾ?"

"ಆಯ್ತು, ಹೇಳ್ತೇನೆ."

ಹೇಳಲಿಲ್ಲ. ಮಾತು ಕೊಟ್ಟದ್ದೊಂದು ನೆಪ. ಹೇಳಿದರೆ ಲೆನ್ ಆಡುವುದಿಲ್ಲ. ಲೆನ್ ಆಡದಿದ್ದರೆ ಶನಿವಾರವಿಲ್ಲ, ಬಿಳಿ ಕೋಟಿಲ್ಲ. ಓವನ್ನಿನ ಮುಂದೆ ಬೇಯುವ ಹತ್ತಾರು ಜನರಲ್ಲಿ ತಾನೂ ಒಬ್ಬನಾಗಿ ಉಳಿಯಬೇಕು. ಈ ಸೀಸನ್ ಮುಗಿಯಲಿ ಎಂದುಕೊಂಡ. ಸೀಸನ್ ಮುಗಿದು ಇನ್ನೊಂದು ಬಂತು, ಮತ್ತೊಂದೂ ಬಂತು.

ಎರಡು ಸಾವಿರದ ಎರಡರ ಸೆಪ್ಟೆಂಬರಿನಲ್ಲಿ ಪೆಲಿಕನ್ಸ್ ಫೈನಲ್ ತಲುಪಿತು. ಥಾರ್ನ್‌ಹಿಲ್‌ನ ಮೈದಾನ. ಇದೇ ಲೆನ್ನನ ಕೊನೆಯ ಆಟವೆಂದು ಮಫ್ಲರಿನವರೆಲ್ಲ ಸೇರಿದ್ದರು. ಚಂದ್ರಮೋಹನ ಪಾರ್ಕಿಂಗ್ ಲಾಟಿನಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಕ್ಯಾರಲ್ ಹತ್ತಿರ ಬಂದಳು. ಮುಖ ಬಾಡಿತ್ತು.

"ಮೋಹನ್, ನೀನು ಅವನ ಪಕ್ಕದಲ್ಲೇ ನಿಂತಿರುತ್ತೀಯ. ನಿಜ ಹೇಳು. ಮನೆಯಲ್ಲಿ ಯಾಕೋ ಅವನು ಸರಿಯಿಲ್ಲ. ನಿನ್ನೆ ನಮ್ಮ ಮನೆಯೆಂದುಕೊಂಡು ಪಕ್ಕದ ಮನೆ ಬಾಗಿಲಿಗೆ ಹೋಗಿ ನಿಂತಿದ್ದ. ಆಟದಲ್ಲಿ ಹೇಗಿದ್ದಾನೆ? ನೀನು ಬೇಡ ಅಂದರೆ ಈಗಲೇ ಕರೆದುಕೊಂಡು ಹೋಗುತ್ತೇನೆ."

ಅಷ್ಟು ಸುಲಭವಿತ್ತು. ಒಂದೇ ಒಂದು ಮಾತು. ಆಚೆ ಲೆನ್ ನೀಲಿ ಮಫ್ಲರುಗಳ ನಡುವೆ ನಿಂತು ನಗುತ್ತಿದ್ದ. ಚಂದ್ರಮೋಹನ ಉಳಿದ ಗುಂಡಿ ಹಾಕಿಕೊಂಡ.

"ಹೀ ಈಸ್ ಫೈನ್, ಕ್ಯಾರಲ್. ನಾನಿದ್ದೇನಲ್ಲ."

ಅವಳ ಹೆಗಲು ಸಡಿಲವಾಯಿತು. ಥ್ಯಾಂಕ್ಸ್ ಎಂದು ಅವನ ಕೈ ಒತ್ತಿ ಹೋದಳು.

ಕೊನೆಯ ಕ್ವಾರ್ಟರಿನಲ್ಲಿ ಚಂದ್ರಮೋಹನ ಕಂಬ ತಟ್ಟಿದ, ಲೆನ್ ತಿರುಗಿದ. ಇನ್ನೇನು ಆಟ ಮುಗಿಯಬೇಕು ಎನ್ನುವಾಗ ಚೆಂಡು ಅವನ ಕೈಗೆ ಬಂತು. ಹಿಡಿದ, ಒದ್ದ. ಚೆಂಡು ಗಾಳಿಯಲ್ಲಿರುವಾಗಲೇ ಎದುರಾಳಿಯೊಬ್ಬ ತಡವಾಗಿ ಬಂದು ಅಪ್ಪಳಿಸಿದ. ಲೆನ್ನನ ತಲೆ ಒಣನೆಲಕ್ಕೆ ಬಡಿದ ಸದ್ದು ಚಂದ್ರಮೋಹನನಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಅಂಪೈರ್ ನೋಡಬೇಕಾದದ್ದು ಚೆಂಡನ್ನು. ಚೆಂಡು ನಡುಗಂಬಗಳ ಮಧ್ಯೆ ದಾಟಿತು. ಅವನು ಎರಡು ಬೆರಳು ತೋರಿಸಿದ, ಬಾವುಟ ಎತ್ತಿದ. ಆಚೆ ತುದಿಯವನು ಮರುಬಾವುಟ ಬೀಸುವವರೆಗೆ ಬೀಸುತ್ತಲೇ ಇರಬೇಕೆಂಬುದು ನಿಯಮ. ಜನರೆಲ್ಲ ಬಾವುಟ ನೋಡಿ ಕುಣಿಯುತ್ತಿದ್ದರು. ಅವನ ಕಾಲ ಬಳಿ ಲೆನ್ ಕಣ್ಣು ತೆರೆದುಕೊಂಡೇ ಅಲುಗದೆ ಬಿದ್ದಿದ್ದ. ಚಂದ್ರಮೋಹನ ಬಾವುಟ ಬೀಸುತ್ತ ಅಳುತ್ತಿದ್ದ. ಗೆದ್ದ ಖುಷಿಗೆ ಅಳುತ್ತಿದ್ದಾನೆಂದು ಹಗ್ಗದಾಚೆಯವರು ಅವನಿಗೂ ಚಪ್ಪಾಳೆ ತಟ್ಟಿದರು.

ಲೆನ್ ಬದುಕಿದ. ಬದುಕಿದ್ದೇ ತಪ್ಪಾಯಿತೇನೋ ಎನ್ನುವ ಹಾಗೆ ಬದುಕಿದ. ಎರಡು ವರ್ಷ ಕ್ಯಾರಲ್ ಮನೆಯಲ್ಲೇ ನೋಡಿಕೊಂಡಳು. ಕೈಲಾಗದೆ ಹೋದಾಗ ನರ್ಸಿಂಗ್ ಹೋಮಿಗೆ ಸೇರಿಸಿದಳು. ಅದು ನಳಿನಾಕ್ಷಿ ಕೆಲಸ ಮಾಡುವ ಹೋಮೇ. ಆಕಾಶದಲ್ಲಿ ಕೂತವನನ್ನು ಈಗ ನಳಿನಾಕ್ಷಿ ಸ್ಟೂಲಿನ ಮೇಲೆ ಕೂರಿಸಿ ಮೀಯಿಸುತ್ತಿದ್ದಳು. ನಾನು ಆವತ್ತೇ ಹೇಳಿರಲಿಲ್ಲವೇ ಎಂದು ಅವಳು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಚಂದ್ರಮೋಹನನಿಗೆ ಅನ್ನವಾದರೂ ಗಂಟಲಲ್ಲಿ ಇಳಿಯುತ್ತಿತ್ತು.

ಮೊದಮೊದಲು ಮಫ್ಲರಿನವರೆಲ್ಲ ಬಂದರು. ಲೆನ್ನನ ಹಳೆಯ ಜೆರ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು, ಕೇಕ್ ಕತ್ತರಿಸಿದರು, ಫೋಟೋ ತೆಗೆಸಿಕೊಂಡರು. ಅವನು ಯಾರನ್ನೂ ಗುರುತಿಸದಾದಾಗ ಒಬ್ಬೊಬ್ಬರಾಗಿ ಕೈ ತೊಳೆದುಕೊಂಡರು. ಕೊನೆಗೆ ಶನಿವಾರ ಶನಿವಾರ ಬರುವವನು ಚಂದ್ರಮೋಹನನೊಬ್ಬನೇ ಆದ. ಅವನನ್ನು ಕಂಡರೆ ಮಾತ್ರ ಲೆನ್ನನ ಮುಖ ಅರಳುತ್ತಿತ್ತು. ಕ್ಯಾರಲ್ ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಎರಡು ಸಾವಿರದ ಆರರ ಒಂದು ಶನಿವಾರ ಮಧ್ಯಾಹ್ನ ಕಾರಿಡಾರಿನ ಬೆಂಚಿನ ಮೇಲೆ ಅವಳು ಅವನ ಪಕ್ಕದಲ್ಲಿ ಕೂತಿದ್ದಳು.

"ಎಲ್ಲರೂ ಚೆನ್ನಾಗಿದ್ದಾನೆ ಅಂದಿದ್ದರು, ಮೋಹನ್. ನಾನು ನಂಬಿದ್ದು ನಿನ್ನೊಬ್ಬನನ್ನು. ಪಕ್ಕದಲ್ಲೇ ನಿಂತಿದ್ದ ನಿನಗೇ ಗೊತ್ತಾಗದಿದ್ದ ಮೇಲೆ ಇನ್ನಾರಿಗೆ ಗೊತ್ತಾಗುತ್ತಿತ್ತು? ಅದೊಂದೇ ನನಗೆ ಸಮಾಧಾನ."

ಅಷ್ಟರಲ್ಲಿ ಕೋಣೆಯೊಳಗಿಂದ ಲೆನ್ ಬಂದ. ಆ ಉದ್ದ ಕಾರಿಡಾರಿನ ನಡುವೆ ನಿಂತು ಅತ್ತ ನೋಡಿದ, ಇತ್ತ ನೋಡಿದ, ಕಳವಳಪಟ್ಟ. ಚಂದ್ರಮೋಹನ ಕಣ್ಣಿಗೆ ಬಿದ್ದ.

"ಮೋಹನ್, ನಾವು ಯಾವ ಕಡೆ ಒದೆಯುವುದು?"

ಚಂದ್ರಮೋಹನನ ಕೈ ಅವನಿಗೇ ತಿಳಿಯದಂತೆ ಮೇಲೆದ್ದು ಬೆಂಚಿನ ಪಕ್ಕದ ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟಿತು. "ಇಲ್ಲಿಗೆ, ಲೆನ್. ಈ ಕಡೆ."

ಲೆನ್ ತಲೆಯಾಡಿಸಿದ. ಮುಖ ಶಾಂತವಾಯಿತು. ಕ್ಯಾರಲ್ ಒಮ್ಮೆ ಆ ಕೈಯನ್ನು, ಒಮ್ಮೆ ಗಂಡನ ಮುಖವನ್ನು ನೋಡಿದಳು. ಇದು ಇವತ್ತಿನದಲ್ಲವೆಂದು ತಿಳಿಯಲು ಅವಳಿಗೆ ಬೇರೇನೂ ಬೇಕಿರಲಿಲ್ಲ.

"ಎಷ್ಟು ಕಾಲದಿಂದ?"

ಇನ್ನೊಂದು ಸುಳ್ಳಿಗೂ ಜಾಗವಿತ್ತು. ಆದರೆ ಅವನಿಗೆ ಸಾಕಾಗಿತ್ತು. "ಜಾರ್ಜ್‌ಟೌನಿನಲ್ಲಿ ಪೆಟ್ಟು ಬಿದ್ದಾಗಿನಿಂದ."

"ಫೈನಲ್‌ಗಿಂತ ಮೊದಲೇ."

"ಮೂರು ವರ್ಷ ಮೊದಲೇ."

ಕ್ಯಾರಲ್ ಕೂಗಾಡಲಿಲ್ಲ. "ನಾನು ಕೇಳಿದ್ದೆ ನಿನ್ನನ್ನು," ಎಂದಳು. "ಹೋಗು. ಇನ್ನು ಬರಬೇಡ."

ಚಂದ್ರಮೋಹನ ಎದ್ದು ಕಾರಿಡಾರಿನ ತುದಿಯ ಬಾಗಿಲಿನತ್ತ ನಡೆದ. ಊಟದ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದ ನಳಿನಾಕ್ಷಿ ಎಲ್ಲವನ್ನೂ ಕೇಳಿಸಿಕೊಂಡವಳಂತೆ ಗೋಡೆಗೆ ಸರಿದು ದಾರಿ ಬಿಟ್ಟಳು. ಹಿಂದಿನಿಂದ ಚಪ್ಪಲಿ ಎಳೆಯುವ ಸದ್ದು ಬಂತು. ಕ್ವಾರ್ಟರ್ ಮುಗಿಯಿತು, ತುದಿ ಬದಲಿಸಬೇಕು ಎಂದು ಲೆನ್ ಅವನ ಹಿಂದೆಯೇ ಬರುತ್ತಿದ್ದ. "ಲೆನ್, ಈ ಕಡೆ ಬಾ," ಎಂದು ಕ್ಯಾರಲ್ ಕರೆದಳು. ಅವನು ತಿರುಗಲಿಲ್ಲ. ಬಾಗಿಲ ಹತ್ತಿರ ಚಂದ್ರಮೋಹನನ ಪಕ್ಕಕ್ಕೆ ಬಂದು ನಿಂತು, ತಟ್ಟಿಗಾಗಿ ಕಾದ.

ಚಂದ್ರಮೋಹನ ಎರಡೂ ಕೈಗಳನ್ನು ಜೇಬಿನಲ್ಲಿ ಹುದುಗಿಸಿಕೊಂಡ.

"ನನ್ನನ್ನು ಕೇಳಬೇಡ ಲೆನ್," ಎಂದ. "ಅಲ್ಲಿ ಕ್ಯಾರಲ್ ಇದ್ದಾಳೆ. ಅವಳನ್ನು ಕೇಳು."

ಲೆನ್ ಹಿಂತಿರುಗಿ, ಕಾರಿಡಾರಿನಲ್ಲಿ ಒಬ್ಬಳೇ ನಿಂತಿದ್ದ ಹೆಂಗಸನ್ನು ತುಂಬ ಹೊತ್ತು ನೋಡಿದ.

"ಕ್ಯಾರಲ್ ಯಾರು, ಮೋಹನ್?" ಎಂದ.