ಗಂಗವ್ವ ತಂದ ಅರ್ಧ ಕಾರ್ಡು

ನಾಲ್ಕು ವರ್ಷದ ಹಿಂದೆ ನಾನು ಹಳಿಯಾಳ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರನಾಗಿದ್ದೆ. ಸರ್ಕಾರದ ಆರೋಗ್ಯ ವಿಮೆಗೆ ರೋಗಿಗಳ ಹೆಸರು ನೋಂದಾಯಿಸಿ, ದೊಡ್ಡ ಆಸ್ಪತ್ರೆಗೆ ಕಳಿಸುವ ಕಾಗದ ಸಿದ್ಧಪಡಿಸುವುದು ನನ್ನ ಕೆಲಸ. ದಾಖಲೆಯಿಲ್ಲದೆ ಬರಿಗೈಲಿ ಬಂದವರನ್ನು ಕಂಡರೆ ಪಿತ್ತ ನೆತ್ತಿಗೇರುತ್ತಿತ್ತು. ಅದಕ್ಕೇ ಸಾಂಬ್ರಾಣಿಯಲ್ಲಿ ಹಿರಿಯರಿಗೆ ನಡೆಸಿದ ಮಾಹಿತಿ ಸಭೆಯಲ್ಲಿ ಗದರಿಸಿಯೇ ಹೇಳಿದ್ದೆ: “ರೇಷನ್ ಕಾರ್ಡ್ ಇಲ್ದ ನನ್ನ ಮುಂದ ಬರಬ್ಯಾಡ್ರಿ.”

ತಲೆಯಾಡಿಸಿದವರಲ್ಲಿ ಎಪ್ಪತ್ತು ದಾಟಿದ ಗಂಗವ್ವ ಒಬ್ಬರು. ಅವರ ಇಬ್ಬರು ಮಕ್ಕಳು ಬೇರೆಯಾಗಿದ್ದರು. ತಾಯಿಯ ಊಟ ಕಿರಿಯವ ಬಸಪ್ಪನ ಮನೆಯಲ್ಲಿ. ಹೆಸರು ಮಾತ್ರ ಹಿರಿಯವ ಈರಪ್ಪನ ಕಾರ್ಡಿನಲ್ಲಿ. ಅವರ ಪಾಲಿನ ಅಕ್ಕಿ ಅವನಿಗೇ ಹೋಗುತ್ತಿತ್ತು. ಮನೆ ಪಾಲಾದಾಗ ನಮ್ಮ ಕಡೆ ಇಂಥ ಒಪ್ಪಂದ ಹೊಸದೇನಲ್ಲ.

ತಿಂಗಳೊಳಗೆ ಒಂದು ಮುಂಜಾನೆ ಗಂಗವ್ವನಿಗೆ ಎದೆನೋವು ಬಂತು. ಬಸಪ್ಪ ತಾಯಿಯನ್ನು ಟಂಟಂ ಆಟೋದಲ್ಲಿ ಕೂರಿಸಿದ. ನೇರ ಆಸ್ಪತ್ರೆಗೆ ಬರಬೇಕಿತ್ತು; ಕಾರ್ಡಿಗೆಂದು ಅಣ್ಣನ ಮನೆಗೆ ಹೋದ. ಕೊಟ್ಟರೆ ಬಸಪ್ಪ ಅದರಿಂದ ತಾಯಿಯ ಹೆಸರು ತೆಗೆಸಿ ಅಕ್ಕಿ ತಪ್ಪಿಸುತ್ತಾನೆಂದು ಈರಪ್ಪ ಕೊಡಲಿಲ್ಲ. ಕಿತ್ತಾಟದಲ್ಲಿ ಕಾರ್ಡ್ ಎರಡು ತುಂಡಾಯಿತು. ಈರಪ್ಪ ಕೊಡಲಿಯ ಕಾವು ಬೀಸಿದ. ನಡುವೆ ಬಂದ ತಾಯಿಯ ನೆತ್ತಿ ಒಡೆಯಿತು.

ಆಸ್ಪತ್ರೆಗೆ ಇಬ್ಬರೂ ಬಂದರು. ಅಲ್ಲೂ ಬಿಡಲಿಲ್ಲ. ಬಸಪ್ಪ ಅಣ್ಣನ ಕುತ್ತಿಗೆ ಹಿಡಿದು ನನ್ನ ಕೌಂಟರಿನ ಗಾಜಿಗೆ ಅಪ್ಪಳಿಸಿದ. ಗಾಜು ಪುಡಿಯಾಗಿ ಈರಪ್ಪನ ಕಿವಿ ಹರಿಯಿತು. “ಅವ್ವನ್ನ ಕೊಂದ್ಯಲ್ಲೋ” ಎನ್ನುತ್ತಾ ಬಸಪ್ಪ ಮತ್ತೆ ಮತ್ತೆ ಗುದ್ದಿದ. ಬಿಡಿಸಲು ಹೋದ ನನ್ನ ಮುಂದಿನ ಹಲ್ಲು ಮುರಿಯಿತು.

ಸ್ಟ್ರೆಚರಿನ ಮೇಲಿಂದ ಗಂಗವ್ವ ಕೈಸನ್ನೆ ಮಾಡಿ ನನ್ನನ್ನು ಕರೆದು ಮುಷ್ಟಿ ಬಿಚ್ಚಿದರು. ಒಳಗೆ ರಕ್ತದಲ್ಲಿ ತೊಯ್ದ ಅರ್ಧ ಕಾರ್ಡು.

“ತಂದೀನ್ರೀ ಸಾಹೇಬ್ರ. ಅರ್ಧಾ ಐತಿ. ನಡೀತೈತೇನ್ರೀ?”

ನಿಜವಾಗಿ ಆ ಅರ್ಧವೂ ಬೇಕಿರಲಿಲ್ಲ. ಜೀವಕ್ಕೆ ಕುತ್ತು ಬಂದಾಗ ಮೊದಲು ಚಿಕಿತ್ಸೆ. ದಾಖಲೆ ಆಮೇಲೆ ತಂದರಾಯಿತು. ರೆಫರಲ್ ಚೀಟಿಗೂ ಕಾಯಬೇಕಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಹೇಳಿದರೆ ನಾಳೆಯಿಂದ ಯಾರೂ ಕಾರ್ಡ್ ತರುವುದಿಲ್ಲವೆಂದು ಸಭೆಯಲ್ಲಿ ಬೇಕೆಂದೇ ನುಂಗಿಕೊಂಡಿದ್ದೆ.

“ನಡೀತೈತಿ ಯವ್ವಾ” ಎಂದೆ. ವೈದ್ಯರು ಗಾಯಕ್ಕೆ ಹೊಲಿಗೆ ಹಾಕಿ, ಪೊಲೀಸರಿಗೆ ತಿಳಿಸಿ, ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಧಾರವಾಡ ಮುಟ್ಟುವ ಮೊದಲೇ ಗಂಗವ್ವ ತೀರಿಕೊಂಡರು.

ಈರಪ್ಪನ ತಪ್ಪಿಗೆ ಕೋರ್ಟಿದೆ. ನನ್ನ ತಪ್ಪನ್ನು ಯಾರೂ ಕೇಳಲಿಲ್ಲ. ಅದೇ ನನ್ನನ್ನು ಹೆಚ್ಚು ಸುಡುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಸುಳ್ಳಲ್ಲ. ಈಗ ಜೊಯಿಡಾ, ಮುಂಡಗೋಡ, ಎಲ್ಲೇ ಸಭೆ ನಡೆಸಲಿ, ಕಟ್ಟಿಸದೆ ಬಿಟ್ಟ ಹಲ್ಲಿನ ಸಂದಿಯಿಂದ ಮೊದಲು ಹೊರಡುವ ಮಾತು ಒಂದೇ: “ಜೀವಕ್ಕ ಕುತ್ತ ಬಂದಾಗ ಮೊದಲ ಮನಷ್ಯಾರನ್ನ ತರ್ರಿ. ಕಾರ್ಡ್ ನಾ ಹುಡುಕತೇನಿ.”